ಹದಿನೇಳನೇ ಚೀಲ

ರಾತ್ರಿ ಎರಡೂವರೆಗೆ ಪೀಣ್ಯ ಎರಡನೇ ಹಂತದ
ಗೋದಾಮಿನ ತಾರಸಿಯಲ್ಲಿ ಸಿಲಿಂಡರಿನ ಕಿವಿ ತಿರುಗಿಸಿದೆವು.
ಬಣ್ಣವಿಲ್ಲ, ವಾಸನೆಯಿಲ್ಲ, ಯಾರಿಗೂ ಕೇಡಿಲ್ಲದ ಅನಿಲ,
ಗಂಟೆಗೆ ಇಷ್ಟು ಗ್ರಾಂ ಎಂದು ತೂಗಿ ಬಿಟ್ಟದ್ದು.
ಹೊಗೆಯ ವೇಷದಲ್ಲಿ ಊರು ಸುತ್ತಿ ಬಾ,
ಹೋದ ದಾರಿ ಹೇಳು, ಅಂತ.

ದಾರಿ ಸಮೀಕರಣಕ್ಕೆ ಮೊದಲೇ ಗೊತ್ತು.
ಜನವರಿಯ ಗಾಳಿ ಈಶಾನ್ಯದ್ದು,
ಹೆಗ್ಗನಹಳ್ಳಿ ದಾಟಿ ನೈರುತ್ಯಕ್ಕೆ
ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತ ತೆಳುವಾಗಬೇಕು.
ಅದರ ಲೆಕ್ಕದಲ್ಲಿ ನೆಲವೆಂದರೆ ರೊಟ್ಟಿಯ ಹಂಚು,
ಗಾಳಿ ಒಂದೇ ಮಾತಿನ ಮನುಷ್ಯ.

ನನ್ನ ಕೆಲಸ ಚೀಲ ಕಟ್ಟುವುದು.
ಇಪ್ಪತ್ನಾಲ್ಕು ತಾರಸಿ, ಇಪ್ಪತ್ನಾಲ್ಕು ಪುಟ್ಟ ಪಂಪು.
ಒಂದೆರಡು ಓಣಿಯಲ್ಲಿ
ನಾಯಿಗೂ ಗುರುತಿನ ಚೀಟಿ ತೋರಿಸಿದ್ದೇನೆ.

ಹದಿನೇಳನೆಯದು ಲಗ್ಗೆರೆಯಲ್ಲಿ, ಮುನಿಲಕ್ಷ್ಮಮ್ಮನ ಮನೆ ಮೇಲೆ,
ಸಂಡಿಗೆ ಒಣಗಿಸುವ ಕಟ್ಟೆಯ ಪಕ್ಕ.
ಅಲ್ಲಿಗೆ ಏನೂ ಬರಬಾರದು.
ಸೊನ್ನೆ ಸೊನ್ನೆಯೇ ಎಂದು ಸಾಬೀತು ಮಾಡಲು ಇಟ್ಟದ್ದು.
"ಖಾಲಿ ಚೀಲಕ್ಕೆ ಇಷ್ಟು ದೂರ ಬತ್ತೀಯೇನವ್ವಾ?"
ಎಂದು ಟೀ ಕೊಟ್ಟಿದ್ದರು.

ಮರುದಿನ ಹಾಳೆಯ ಮೇಲೆ ಚುಕ್ಕಿಗಳು.
ಅಡ್ಡಕ್ಕೆ ನಾವು ಹೇಳಿದ್ದು, ಉದ್ದಕ್ಕೆ ಆದದ್ದು.
ಅರ್ಧದಿಂದ ಎರಡು ಪಟ್ಟಿನೊಳಗೆ ಬಿದ್ದರೆ ಪಾಸು.
ತರಕಾರಿಯವನ ತಕ್ಕಡಿಗೆ
ಯಾರೂ ಕೊಡದ ರಿಯಾಯಿತಿ.
ಮುಕ್ಕಾಲು ಪಾಲು ಚುಕ್ಕಿಗಳು ಸಾಲು ಹಿಡಿದು ಕೂತವು.
ಹದಿನೇಳು ಮಾತ್ರ
ಸೊನ್ನೆಯ ನೆತ್ತಿಗೆ ನೇರ, ಹಾಳೆಯ ತುದಿಯಲ್ಲಿ.

"ಹಳೇ ಚೀಲವಿರಬೇಕು, ಕೈಬಿಡಿ,"
ಎಂದರು ವರದಿ ಬರೆಯುವವರು.
ಫಿಲೋಮಿನಾ ಮೇಡಂ ನನ್ನತ್ತ ತಿರುಗಿದರು.
ಹೊಸದು, ಎಂದೆ. ಸೀಲು ನಾನೇ ಒಡೆದೆ.
ಅಂದು ರಾತ್ರಿಯೇ ಮತ್ತೆ ಜೀಪು.

ಮುನಿಲಕ್ಷ್ಮಮ್ಮನಿಗೆ ಇದರಲ್ಲಿ ಸುದ್ದಿಯೇ ಇಲ್ಲ.
"ಪೀಣ್ಯ ಎತ್ತರದಾಗೈತೆ. ಚಳಿಗಾಲದಾಗೆ
ತಂಪು ನೀರಂಗೇ ಇಳೀತೈತೆ ಕಣವ್ವಾ.
ನಿಮ್ಮ ಗಾಳಿ ಮೇಲ್ಗಡೆ ಆ ಕಡೀಕೆ ಹೋಯ್ತದೆ,
ಕೆಳಗಿಂದು ಈ ಕಡೀಕೆ.
ಈ ಬೀದಿ ಮುಂಚೆ ಕಾಲುವೆ, ಆ ಶಾಮಿಯಾನದಂಗಡಿ ಕೆರೆ ಕೋಡಿ.
ಮುಚ್ಚಿದ್ದು ನಾವು. ಅದುಕ್ಕೆ ದಾರಿ ಮರ್ತೋಯ್ತದಾ?"
ಆಮೇಲೆ, ಲೋಟ ಎತ್ತುತ್ತ,
"ಘಾಟು ಬಂತು ಅಂದ್ರೆ ಮೊಮ್ಮಗಳು ಎದ್ದು ಕೂತು ಕೆಮ್ಮುತ್ತೆ.
ನಾನು ಗಡಿಯಾರ ನೋಡಾಕಿಲ್ಲ."

ಎಷ್ಟೊತ್ತಿಗೆ, ಎಂದರು ಮೇಡಂ.
ನಾಲ್ಕು, ನಾಲ್ಕೂಕಾಲು.
ಪಟ್ಟಿಯ ಅಂಚಿನಲ್ಲಿ ಬರೆದುಕೊಂಡರು. ಅದಕ್ಕೆ ಅಂಕಣವಿರಲಿಲ್ಲ.

ಮೂರೂವರೆ. ಪಂಪು ಜೀರುಂಡೆಯಂತೆ ಗುಯ್‌ಗುಟ್ಟುತ್ತಿದೆ.
ಮೇಲೆ ಹೆದ್ದಾರಿಯ ಲಾರಿ ದೀಪಗಳು,
ಕೆಳಗೆ ಬೀದಿಯುದ್ದಕ್ಕೂ ಮೊಣಕಾಲೆತ್ತರದ ಮಂಜು,
ಇಳಿಜಾರು ಹಿಡಿದು ಹೊರಟಂತಿದೆ.
ಚೀಲ ನಿಧಾನಕ್ಕೆ ಉಬ್ಬುತ್ತಿದೆ.
ಮಾದರಿ ತಪ್ಪಲಿ ಎಂದು ನಿನ್ನೆಯವರೆಗೂ
ಒಳಗೊಳಗೇ ಕಾಯುತ್ತಿದ್ದವಳು ನಾನು,
ಸುಳ್ಳೇಕೆ.
ಈಗ ಕೆಳಗಿನ ಕೋಣೆಯಲ್ಲಿ ಮಂಚ ಕಿರ್ರೆಂದಿತು,
ಒಂದು ಸಣ್ಣ ಉಸಿರು ಮಗ್ಗುಲಾಯಿತು.
ಸೊನ್ನೆ ಬರಲಿ, ಎಂದುಕೊಳ್ಳುತ್ತಿದ್ದೇನೆ.
ಇವತ್ತೊಂದು ದಿನ ಲೆಕ್ಕವೇ ಗೆಲ್ಲಲಿ.