ಎರಡು–ಆರರ ಅಳತೆ

ಮಂಡ್ಯದ ಪೇಟೆ ಬೀದಿಯಲ್ಲಿ, ಪಾತ್ರೆ ಅಂಗಡಿ ದಾಟಿದರೆ
ಚೆಲುವಾಜತ್ತೆಯ ಬಳೆ ಅಂಗಡಿ. ಎಂಟಡಿ ಅಗಲ,
ಗೋಡೆ ತುಂಬ ಗಾಜು, ಮೂಲೆಯಲ್ಲೊಂದು ಪುಟ್ಟ ಟೀವಿ.
ಏಳೂವರೆಗೆ ನನ್ನ ಧಾರಾವಾಹಿ ಬರುವಾಗ
ಅತ್ತೆ ವ್ಯಾಪಾರ ನಿಲ್ಲಿಸುವುದಿಲ್ಲ:
ಕಣ್ಣು ಗಿರಾಕಿಯ ಕೈ ಮೇಲೆ,
ಕಿವಿ ನನ್ನ ಮಾತಿನ ಮೇಲೆ.

ಮಾತು ಬರೆಯುವವಳು ನಾನು. ಪುಟಕ್ಕಿಷ್ಟು ಅಂತ ಕಾಸು.
ಕತೆ ಯಾರದೋ, ಕಣ್ಣೀರು ಗ್ಲಿಸರಿನ್ನದು.

"ಸಿನಿಮಾದೋರೇ ವಾಸಿ ಕನವ್ವ," ಅನ್ನುತ್ತಾಳೆ.
"ಮಂಡ್ಯದೋನು ಅಂದ್ರೆ ಕೈಗೆ ಮಚ್ಚು ಕೊಡ್ತರೆ,
ಇಲ್ಲ ಪೆದ್ದನ್ನ ಮಾಡ್ತರೆ. ಎರಡೂವರೆ ಗಂಟೇಲಿ ಮುಗೀತದೆ.
ನಿಮ್ದು ಮನೆ ಒಳಕ್ಕೇ ಬಂದು ಕುಂತ್ಕತದೆ, ವರ್ಸಗಟ್ಲೆ.
ಕುಂತೋರು ನೋಡ್ಕಂಡು ಮಾತಾಡ್ಬೇಕಲ್ವಾ?"
ಅವಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ.
ಥಿಯೇಟರಿನಲ್ಲಿ ಜನ ನಗುವುದು ಇದಕ್ಕೇ.

ನಾನೂರ ಹನ್ನೆರಡನೇ ಕಂತು.
ಓರಗಿತ್ತಿಯ ಕೈ ತಿರುಚಿ ಅಂದಳು ಖಳನಾಯಕಿ:
"ಇವತ್ತು ನಿನ್ನ ಬಳೆ ಒಡೆಯಿತು, ನಾಳೆ ನಿನ್ನ ದೀಪ ಆರಿಸುತ್ತೇನೆ."
ಕ್ಯಾಮೆರಾ ಮೂರು ಸುತ್ತು ತಿರುಗಿತು. ಗುಡುಗು.
ಮರುದಿನ ಹೋದರೆ ಅತ್ತೆ ಟೀ ತರಿಸಲಿಲ್ಲ.

"ಬಳೆ ಒಡೀತು ಅಂತರಾ ಯಾರಾರೂವೆ?
ಎಚ್ತು ಅನ್ಬೇಕು. ದೀಪ ಆರ್ಸಾಕಿಲ್ಲ, ದೊಡ್ಡದು ಮಾಡ್ತರೆ.
ಅಕ್ಕಿ ಮುಗಿಯಾಕಿಲ್ಲ, ತುಂಬ್ತದೆ.
ನಾನು ಅಂಗ್ಡಿ ಮುಚ್ಚಿದ್ದ ಯಾವತ್ತಾರ ಕೇಳಿದ್ದೀಯಾ?
ಬಾಗ್ಲು ಮುಂದುಕ್ ಮಾಡ್ತೀನಿ, ಅಷ್ಟೆಯ."

"ಅವಳು ಕೆಟ್ಟವಳು ಅತ್ತೆ, ಕೆಟ್ಟದ್ದೇ ಆಡಬೇಕಲ್ಲ."

"ಕೆಟ್ಟೋಳೂವೆ ಯಾರದೋ ಮಡ್ಲಲ್ಲೇ ಮಾತು ಕಲ್ತಿರದು.
ನಮ್ಮವ್ವ ರೇಗ್ದಾಗ 'ನಿನ್ ಮನೆ ಕಾಯೋಗ' ಅನ್ನೋಳು.
ಆಳಾಗ ಅಂತ ನಾಲ್ಗೆ ತುದೀಗೆ ಬಂದದ್ದು
ತುಟಿ ದಾಟೋ ಒತ್ಗೆ ಕಾಯಾಕೆ ನಿಂತ್ಕತಿತ್ತು."

ಬಳೆ ಡಬ್ಬಿಯ ರಟ್ಟಿನ ಮೇಲೆ ಬರೆದುಕೊಂಡೆ.
ಆ ವಾರವೆಲ್ಲ ನಾಜೂಕಾಗಿ ಬರೆದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.
ಗಂಡ ಹೊಡೆಯುವ ದೃಶ್ಯ ಬಂತು. ಮರುದಿನ
ಹೆಂಡತಿ ತನ್ನ ತಾಯಿಗೆ ಹೇಳಬೇಕು.
"ಅವರ ಕೈ ಸ್ವಲ್ಪ ಮುಂದಾಯಿತಮ್ಮ," ಎಂದು ಬರೆದೆ.
ವಾಹಿನಿಯವರು ಫೋನ್ ಮಾಡಿದರು:
ಎಂಥಾ ಸಂಸ್ಕಾರ ಮೇಡಂ!

ಶುಕ್ರವಾರ ಅಂಗಡಿಯಲ್ಲಿ ಟೀವಿ ಆರಿತ್ತು.
(ಇಲ್ಲ, ದೊಡ್ಡದಾಗಿತ್ತು.)

"ಕೈ ಮುಂದಾಯ್ತಾ? ಯಾರಾರ ಇಂದ್ಲಿಂದ ತಳ್ಳುದ್ರಾ ಕೈಯ?
ಒಡ್ದ ಅನ್ನು. ಗಂಡ ಒಡ್ದ."

"ನೀವೇ ಅಲ್ಲವಾ ಹೇಳಿದ್ದು, ಕೆಟ್ಟದ್ದನ್ನ..."

"ತಾನಾಗಿ ಬಿದ್ರೆ ಎಚ್ತು.
ತಿಂಗ್ಳಿಗೆ ಮೂರು ಸಲ ಬತ್ತರೆ, ಎಚ್ತು ಅಂತ್ಲೇ ಬತ್ತರೆ.
ನಲ್ಲೀಗೆ ತಾಕ್ತಂತೆ, ಬಾಗ್ಲಿಗೆ ತಾಕ್ತಂತೆ.
ಮಣಿಕಟ್ಟು ಇಡ್ಕಂಡು ಬಳೆ ಏರ್ಸೋಳು ನಾನು.
ಬಾಗ್ಲಿಗೆ ಐದು ಬೆರಳಿರ್ತದಾ?"

ಆಮೇಲೆ, ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತ:
"ಮೂವತ್ತು ವರ್ಸ. ಆ ಒಂದು ಮಾತ್ನಿಂದ್ಲೇ
ಅರ್ಧ ವ್ಯಾಪಾರ ನಡದದ್ದು ಕನ."

ಇಬ್ಬರೂ ಸುಮ್ಮನಿದ್ದೆವು. ನೂರಡಿ ರಸ್ತೆಯ ಕಡೆ
ಕಬ್ಬಿನ ಲಾರಿಯೊಂದು ಗೇರು ಬದಲಿಸಿತು.

ಒಬ್ಬಳು ಬಂದಳು. ಸೆಕೆಯಲ್ಲೂ ತುಂಬುತೋಳಿನ ರವಿಕೆ.
"ಬಳೆ ಎಚ್ಚೋಯ್ತು ಅಕ್ಕಾ. ಎರಡು–ಆರು ಕೊಡಿ. ಹಸಿರು."
ಅತ್ತೆ ಡಬ್ಬಿ ತೆಗೆಯಲಿಲ್ಲ.
ಆ ಕೈಯನ್ನು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ಹಿಡಿದು,
ಗಾಜು ಕೇಳಿಸಿಕೊಳ್ಳಬಾರದು ಎಂಬಷ್ಟು ಮೆಲ್ಲಗೆ,
"ಎಚ್ತಾ ಮಗ?" ಅಂದಳು. "ಒಡದ್ನಾ?"

ಒಡದ್ನಾ. ಬಳೆಯನ್ನೋ ಇವಳನ್ನೋ?
ಹಕಾರ ಉದುರಿದ ಆ ಬಾಯಲ್ಲಿ
ಎರಡಕ್ಕೂ ಒಂದೇ ಕ್ರಿಯಾಪದ.
ಎಷ್ಟು ಪುಟ ತಿದ್ದಿದರೂ ನನ್ನ ಕೈಗೆ ಬರದ್ದು.

ಮುಂದಿನ ಮಾತು ನನ್ನದಲ್ಲ, ನಾನು ಬರೆದಿಲ್ಲ.
ಇಷ್ಟು ಹೇಳಬಲ್ಲೆ:
ಆ ಹುಡುಗಿ ಕೈಯನ್ನು
ಇನ್ನೂ ಹಿಂದಕ್ಕೆ ಎಳೆದುಕೊಂಡಿರಲಿಲ್ಲ.