ಇಪ್ಪತ್ತೇಳನೇ ತಾರೀಕು

ಮೂರು ದಿನದ ಕೇಕಿಗೆ ಇರುವೆ ಹತ್ತಿರುತ್ತಿತ್ತು,
ಕಲ್ಕಲ್ ಡಬ್ಬದ ತಳದಲ್ಲಿ ಬರೀ ಪುಡಿ.
ಸಿಹಿಯೆಂದರೆ ಮನೆಯೆಲ್ಲ ಮುಖ ತಿರುಗಿಸುವಾಗ
ಬರುತ್ತಿತ್ತು, ಇಮ್ಮು, ನಿನ್ನ ಹುಟ್ಟುಹಬ್ಬ.

ಹೊಸ ಅಂಗಿ ಕ್ರಿಸ್ಮಸ್ಸಿಗೇ ತೊಟ್ಟು, ಒಗೆದು,
ತಂತಿಯ ಮೇಲೆ ತಲೆಕೆಳಗಾಗಿ ತೂಗುತ್ತಿತ್ತು.
ಅಪ್ಪನ ಜೇಬಿನ ಮಾತು ಬಿಡು.

ಹಿಂದಿನ ಸಂಜೆ ಎಲ್ಲರೂ ಪಡಸಾಲೆಯಲ್ಲಿ
ನೆನೆದ ಅವರೆಕಾಳು ಹಿಸುಕುತ್ತ ಕೂರುತ್ತಿದ್ದೆವು.
ಒಮ್ಮೆ ನನ್ನ ಬೆರಳಿಂದ ಚಿಮ್ಮಿದ ಬೇಳೆ
ಗೋದಲಿಯ ಕುರಿಗೆ ಬಡಿದು, ಕುರಿ ಉರುಳಿ,
ಅಮ್ಮ ನಗು ನುಂಗಿಕೊಂಡು ಬೈದಳು.

ಆರು ತುಂಬಿದ ದಿನ ಕೇಕಿಲ್ಲವೆಂದು
ಅಳುತ್ತ ಕೂತೆ ನೀನು, ಬಾಗಿಲ ಹಿಂದೆ.
ಅಮ್ಮ ಮಾತಾಡಲಿಲ್ಲ.
ಹಬೆಯಾಡುವ ಮುದ್ದೆ ತಟ್ಟೆಗಿಟ್ಟು
ಚರ್ಚಿನಿಂದ ತಂದ ಅರ್ಧ ಉರಿದ ಮೇಣದಬತ್ತಿ
ಅದರ ನೆತ್ತಿಗೆ ಚುಚ್ಚಿ ಕಡ್ಡಿ ಗೀರಿದಳು.
ಬಿಸಿಗೆ ಬುಡ ಕರಗಿ ಬತ್ತಿ ವಾಲಿತು.
"ಬೇಗ ಊದೋ, ಬಿದ್ದೀತು!"
ಊದಿದೆ. ಹಿಸುಕಿದ ಬೇಳೆ ಸಾರಿನಲ್ಲಿ
ತೇಲಿತು ಮೇಣದ ಒಂದು ಹನಿ.

ಈ ಸಲ ನಿನಗೆ ಐವತ್ತೊಂದು.
ಡೂಂಲೈಟ್ ಸರ್ಕಲ್ಲಿನಿಂದ ಮಗಳು ತರಿಸಿದ
ಎರಡು ಕೇಜಿ ಕೇಕು, ಮೇಲೆ ನಿನ್ನದೇ ಫೋಟೊ.
ನಿನ್ನ ಕಿವಿಯನ್ನು ನೀನೇ ಕತ್ತರಿಸಿ ಹಂಚಿದೆ,
ಚಪ್ಪಾಳೆ ಮುಗಿಯುವ ಮೊದಲೇ
ಅಡುಗೆಮನೆಗೆ ನುಸುಳಿ ಪಾತ್ರೆಯ ಮುಚ್ಚಳ ಎತ್ತಿದೆ:
"ಅಕ್ಕ, ಮುದ್ದೆ ಇದೆಯಾ?"

ಇತ್ತು. ಅರ್ಧ ಬತ್ತಿಯೂ ಇತ್ತು.
ಕಡ್ಡಿಪೆಟ್ಟಿಗೆ ಮಾತ್ರ ಇಬ್ಬರೂ ಹುಡುಕಿದೆವು,
ಒಲೆ ತಾನಾಗಿಯೇ ಹೊತ್ತುವ ಈ ಕಾಲದಲ್ಲಿ,
ಮುದ್ದೆ ಆರುವ ತನಕ.