ಸಾಲು ಹದಿನೇಳು

ಕರೆಂಟು ರಾತ್ರಿ ಒಂದೂ ಹತ್ತಕ್ಕ ಬರತದ.
ಬಂದರ.
ಸ್ಟಾರ್ಟರ್ ಡಬ್ಬಿಯೊಳಗ ಕೆಂಪು ಲೈಟು ಕಣ್ಣು ತೆರೆದರ
ನಾನೂ ತೆರೀತೀನಿ.
ಗಂಡಗ ಕಲಬುರ್ಗಿ ದಾಲ್ ಮಿಲ್ಲಿನಾಗ ರಾತ್ರಿ ಪಾಳಿ,
ಇಲ್ಲಿ ಖಜೂರಿ ರಸ್ತೆ ಹೊಲದಾಗ
ನೀರಿನ ಪಾಳಿ ನಂದು.

ಒಂದೂಕಾಲು ಇಂಚು. ನಾನು ಈ ಮನಿಗಿ ಬಂದಾಗ ಎರಡಿತ್ತು.
ಆಗ ಕಾಲುವಿ ಕಟ್ಟಿ ಹಾಯಿಸತಿದ್ವಿ,
ಕೈಯಾಗ ಸಲಿಕಿ, ಮೊಣಕಾಲತನಕ ಅರಲು,
ಹೊಲದ ತುಂಬ ಚಂದ್ರ ಹರಿದಾಡತಿದ್ದ.
ಕಣ್ಣಿಗಿ ತಂಪು.
ಬೇರಿಗಿ ಎಷ್ಟು ಮುಟ್ಟಿತೋ, ಯಾರೂ ಕೇಳಲಿಲ್ಲ.

ಈಗ ನೀರು ಕಾಣಂಗೇ ಇಲ್ಲ.
ಕರೀ ಪೈಪಿನ ಕೆಳಗ, ಪಪ್ಪಾಯಿ ಬುಡಕ್ಕ
ರೊಟ್ಟಿಯಷ್ಟಗಲ ಒದ್ದಿ.
ಮೊದಲ ವರ್ಷ ಅತ್ತಿ ಬದುವಿನ ಮ್ಯಾಲೆ ನಿಂತು
"ಇದೇನವ್ವ ಜಗದೇವಿ,
ಕೂಸಿಗಿ ಔಷಧ ಕುಡಿಸಿದಂಗ" ಅಂದಿದ್ಲು.

ಮೂರು ನಿಮಿಷಕ್ಕ ಒಂದು ಸ್ಟೀಲ್ ಗ್ಲಾಸು ತುಂಬಬೇಕು.
ಇದು ನನ್ನ ಲೆಕ್ಕ.
ಪೈಪು ಮಾರಿದವ ಏನೋ ಬ್ಯಾರೆ ಬರಕೊಟ್ಟಿದ್ದ,
ಆ ಚೀಟಿ ಇಲಿ ತಿಂತು.
ಸಾಲಿನ ಮೊದಲ ಗಿಡಕ್ಕೊಂದು ಗ್ಲಾಸು, ಕಡೀ ಗಿಡಕ್ಕೊಂದು.
ಎರಡೂ ಕೂಡೇ ತುಂಬಿದರ ಸಾಲು ಆರಾಮದ.
ಕಡೀದು ತಡ ಮಾಡಿದರ
ನಡುವ ಎಲ್ಲೋ ಕಳವಾಗ್ಯಾದ.

ಸವಳು ನೀರು. ಹನಿ ಬೀಳೋ ಬಾಯಾಗ ಸುಣ್ಣ ಕೂಡತದ,
ಹಳೀ ಹಂಡೇದಾಗ ಕೂತಂಗ.
ಪೈಪಿನ ತುದಿ ಬಿಚ್ಚಿದರ
ಹಸರು ಲೋಳಿ, ಉಸುಕು, ಒಮ್ಮೆ ಒಂದು ಇಡೀ ಗೊದ್ದ,
ಆಮ್ಯಾಲೆ ತಿಳಿ.
ಕಟ್ಟತೀನಿ. ಮುಂದಿನ ಸಾಲು.

ಮಗಳ ನಾಕನೇತ್ತಿ ಗಣಿತದ ನೋಟಬುಕ್ಕು ಅರ್ಧ ಖಾಲಿ ಉಳದಿತ್ತು.
ಅದರಾಗ ಬರೀತೀನಿ:
ತಾರೀಖು, ಸಾಲು, ನಿಮಿಷ, ಕಡತ.
ಕಚೇರಿ ಕಡತ ಅಲ್ಲರಿ, ಅಳಿಲಿನ ಕಡತ.
ನಾಕಕ್ಕ ಎರಡು. ಒಂಬತ್ತಕ್ಕ ಒಂದು.
ಹನ್ನೊಂದಕ್ಕ ಮೂರು, ಹಾಳಾದವು.
ಕತ್ತರಿಸು, ಬಿಸಿನೀರಾಗ ಮೆತ್ತಗ ಮಾಡು, ಜಾಯಿಂಟು ತುರುಕು.

ನಿನ್ನಿ ರಾತ್ರಿ ಹದಿನೇಳರ ಕಡೀ ಗ್ಲಾಸು
ಐದು ನಿಮಿಷಾದರೂ ತುಂಬಲಿಲ್ಲ.
ಬ್ಯಾಟ್ರಿ ಆರಿಸಿ ನಿಂತೆ.
ಸೋರೋದನ್ನ ಕಿವಿಲೆ ಹುಡುಕಬೇಕು.
ಟಪ್, ಟಪ್, ಟಪ್,
ಬೇವಿನ ಗಿಡದ ಹತ್ರ: ಸುಸ್.
ಹಲ್ಲಿನ ಗುರುತಿಲ್ಲ. ದುಂಡಗ, ಸಣ್ಣಗ ತೂತು.
ಕೆಳಗ ಒಡದ ಗಡಿಗಿಯ ಬೋಕಿ, ತುಂಬಿ ಚೆಲ್ಲಿ
ಸುತ್ತ ಹಾಸಿಗಿಯಷ್ಟು ಕೆಸರು.
ಚೀಲ ಹೊಲಿಯೋ ದಬ್ಬಣ ನಮ್ಮನ್ಯಾಗ ಒಂದೇ ಅದ,
ಅತ್ತಿ ತಲಿದಿಂಬಿನ ಕೆಳಗ.

ಮುಂಜಾನಿ ಕೇಳಿದೆ.
ಆಕಿ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ.
"ನೀರಡಿಸಿದ್ದು ಕಡೀತದ.
ನೀ ಹಲ್ಲು ಎಣಸಕೋತ ಕುಂದುರು."

ಸಿಟ್ಟು ಬಂತು. ಒಂದೂಕಾಲು ಇಂಚಿನಾಗ ಧರ್ಮ ಬ್ಯಾರೆ!
ನೋಟಬುಕ್ಕು ಮುಂದ ಒಗದು ತೋರಸಬೇಕಂತ
ಹಾಳಿ ತಿರುವಿದೆ.
ಹದಿನೇಳು: ಶಿವರಾತ್ರಿಯಿಂದ ಈಚೆ ಕಡತ ಇಲ್ಲ.
ಹದಿನಾರು: ಇಲ್ಲ.
ಹದಿನೆಂಟು: ಇಲ್ಲ.
ಹಿಂದ ತಿರುವಿದೆ. ಮೊದಲು ಅಲ್ಲೇ ಭಾಳ ಇದ್ದವು,
ಬೇವಿನ ಗಿಡ ಅವುಗಳ ಮನಿ.
ಅಕ್ಷರ ನಂದೇ. ಬರದಾಕಿ ನಾನೇ,
ಓದಿರಲಿಲ್ಲ.

ಮುಚ್ಚಿಟ್ಟೆ. ಆಕೀನೂ ಏನೂ ಅನ್ನಲಿಲ್ಲ.
ನಾಕು ಬೆರಳು ಅದ್ದಿ
ಹಂಚಿನ ಮ್ಯಾಲಿನ ರೊಟ್ಟಿಗಿ ನೀರು ಸವರಿದ್ಲು,
ಅಂಚಿನತನಕ,
ಒಂದು ಹನಿ ಆಚೆ ಬೀಳಲಿಲ್ಲ.

ಇವತ್ತು ಹಗಲೇ ಹೋಗಿ ದಬ್ಬಣದ ತೂತು ಮುಚ್ಚಿದೆ.
ಬಾಜೂಕ ಸಣ್ಣ ಡ್ರಿಪ್ಪರ್ ಚುಚ್ಚಿದೆ,
ಗ್ಲಾಸಿಗಿ ಆರು ನಿಮಿಷದ್ದು. ಬೋಕಿ ಅದರ ಕೆಳಗ.
ನಾಕಕ್ಕೊಂದು, ಹನ್ನೊಂದಕ್ಕೊಂದು.
ಬೋಕಿ ಸಾಲಲಿಲ್ಲ. ಅತ್ತಿ
ಉಪ್ಪಿನಕಾಯಿ ಭರಣಿ ಮುಚ್ಚಳ ಕೊಟ್ಲು,
ಮಳಿಗಾಲಕ್ಕ ವಾಪಸ್ ಕೊಡಬೇಕಂತ.

ನೋಟಬುಕ್ಕಿನಾಗ ಹೊಸ ಗೆರಿ ಎಳದು
ಮ್ಯಾಲೆ ಬರದೆ: ಬಾಯಿ.
ಗಿಡದವು ನಾಕುನೂರ ಎಂಬತ್ತು.
ಬ್ಯಾರೆಯವು ಮೂರು.

ಒಂದೂ ಇಪ್ಪತ್ತಾಯಿತು. ಕೆಂಪು ಲೈಟಿಲ್ಲ.
ಎರಡೂ ಗ್ಲಾಸು ಬೋರಲು ಹಾಕಿ
ಪೈಪಿನ ಮ್ಯಾಲೆ ಕೈ ಇಟ್ಟು ಕುಂತೀನಿ,
ಇನ್ನೂ ಬೆಚ್ಚಗದ,
ಹಗಲಿನ ಬಿಸಿಲು.